ಪೇಢಾ ವಾಪಸಿಟ್ಟು ಕೈ ಎತ್ತಬೇಕು

"ನಾ ಹೇಳೋದ್ರಾಗ ಒಂದ ಅಕ್ಷರ ಸುಳ್ಳಿದ್ರ, ಶೈಲಾ, ಬ್ಯಾಡಗಿ ಮೆಣಸಿನಕಾಯಿ ಪುಡಿ ನನ್ನ ಕಣ್ಣಿಗೆ ಬೀಳಲಿ. ಒಂದ ಕಣ್ಣಿಗಲ್ಲ, ಎರಡಕ್ಕೂ."

ಶೈಲಾ ಗಡಿಯಾರ ನೋಡಿದಳು. "ಕಾಕಾ, ಆಣಿ ಚಹಾದಂಗಡ್ಯಾಗ ಮಾಡಬ್ಯಾಡ್ರಿ. ಎದುರಿಗೆ ನೋಟರಿ ಕುಂತಾರ, ಅಲ್ಲಿ ಮಾಡ್ರಿ. ಐದಕ್ಕ ಎದ್ದು ಹೋಗ್ತಾರ."

ನಾವು ಶಿವಾಜಿನಗರದ ಕೋರ್ಟಿನ ಎದುರಿಗಿರುವ ಒಂದು ಅಮೃತತುಲ್ಯದಲ್ಲಿ, ಅಂದರೆ ಇಲ್ಲಿನ ಮರಾಠಿ ಚಹಾದಂಗಡಿಯಲ್ಲಿ, ಕೂತಿದ್ದೆವು. ನಾಲ್ಕು ಗಂಟೆ ಹತ್ತು ನಿಮಿಷ. ಶೈಲಾ ಅಲ್ಲೇ ಹತ್ತಿರದ ಕಚೇರಿಯೊಂದರಲ್ಲಿ ಗುಮಾಸ್ತೆ. ಅರ್ಧ ದಿನ ರಜೆ ಹಾಕಿ ಬಂದಿದ್ದಳು. ಅವಳ ತೊಡೆಯ ಮೇಲೆ ಪ್ಲಾಸ್ಟಿಕ್ ಫೈಲು, ಅದರೊಳಗೆ ಒಂದು ಛಾಪಾ ಕಾಗದ, ಕಾಗದದ ಕೆಳತುದಿಯಲ್ಲಿ ನನ್ನ ಹೆಸರು: ಕಾಶಪ್ಪ, ವಯಸ್ಸು ಐವತ್ತೆರಡು, ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿ ದಲ್ಲಾಳಿ. ಹೆಸರಿನ ಮೇಲೆ ಎರಡು ಬೆರಳಗಲದ ಖಾಲಿ ಜಾಗ. ಅಲ್ಲಿ ನನ್ನ ಸಹಿ ಬಿದ್ದರೆ ಅವಳ ತಾಯಿ ಶಿವಬಸವ್ವನ ಅಂಗಡಿ, ನಮ್ಮ ಸಾಲಿನ ಹದಿನಾಲ್ಕನೇ ನಂಬರು, ಉಳಿಯುವ ಸಂಭವವಿತ್ತು. ಬೀಳದಿದ್ದರೆ ಇರಲಿಲ್ಲ. ಮರುದಿನ ಬೆಳಿಗ್ಗೆ ವಿಚಾರಣೆ.

"ಮಾಡ್ತೇನಿ ಅಂದೆನಲ್ಲ," ಎಂದೆ. "ಆದ್ರ ಯಾತಕ್ಕ ಸಹಿ ಹಾಕಾಕತ್ತೇನಿ ಅನ್ನೋದು ನಿನಗೂ ಪೂರಾ ಗೊತ್ತಿರಬೇಕಲ್ಲ? ಕೇಳು."

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮ ಮೆಣಸಿನಕಾಯಿ ಸಾಲಿಗೆ ಒಂದು ಹಿತವರ್ಧಕ ಮಂಡಳಿ ಇದೆ. ನಲವತ್ಮೂರು ಸದಸ್ಯರು. ಅಧ್ಯಕ್ಷ ಸಿದ್ದಲಿಂಗಪ್ಪ. ಮೂರು ವರ್ಷಕ್ಕೆಂದು ಆರಿಸಿ ಬಂದವನು ಹನ್ನೊಂದನೇ ವರ್ಷದಲ್ಲಿದ್ದಾನೆ. ಮಧ್ಯೆ ಒಮ್ಮೆ ಚುನಾವಣೆಯ ಮಾತು ಬಂದಾಗ, ಮೆಣಸಿನಕಾಯಿ ದರ ಸ್ಥಿರವಾಗುವ ತನಕ ತಡೆಯೋಣ ಎಂದ. ಮೆಣಸಿನಕಾಯಿ ದರ ಸ್ಥಿರವಾದದ್ದನ್ನು ನನ್ನ ಅಜ್ಜನೂ ನೋಡಿರಲಿಲ್ಲ. ಆದರೂ ನಾವೆಲ್ಲ, ಹೌದ್ರಿ, ತಡಿಯೂಣ್ರಿ, ಎಂದೆವು. ಸಿದ್ದಲಿಂಗಪ್ಪ ಸೀನಿದರೆ ಇಡೀ ಸಾಲು ಮೂಗು ಒರೆಸಿಕೊಳ್ಳುತ್ತಿದ್ದ ಕಾಲ ಅದು. ಎಡಗಡೆಯ ಅಂಗಡಿಯವರು ಎಡ ಹೊಳ್ಳೆ, ಬಲಗಡೆಯವರು ಬಲ ಹೊಳ್ಳೆ.

ಮೊದಮೊದಲು ಅವನದು ಹಳೇ ಪದ್ಧತಿ. ಎದುರು ಮಾತಾಡಿದವನ ಅಂಗಡಿ ಮುಂದೆ ನಾಲ್ಕು ಜನ ಬಂದು ನಿಂತು ಎಲೆಅಡಿಕೆ ಉಗುಳುತ್ತಿದ್ದರು. ಹೊಡೆಯುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬರೀ ಉಗುಳು. ಮೂರನೇ ದಿನಕ್ಕೆ ಹೊಸ್ತಿಲಿನಿಂದ ಹೊರಗೆ ಕಾಲಿಡಲು ಜಾಗ ಇರುತ್ತಿರಲಿಲ್ಲ. ನೊಣಗಳು ಸೊಲ್ಲಾಪುರದಿಂದ ಲಾರಿಯಲ್ಲಿ ಬರುತ್ತಿದ್ದವು. ನಾಲ್ಕನೇ ದಿನ ಅಂಗಡಿಯವನು ಹೋಗಿ ಕಾಲಿಗೆ ಬೀಳುತ್ತಿದ್ದ.

ಆಮೇಲೆ ಖರಾಡಿಯಿಂದ ಮನೋಹರ ಬಂದ, ಸಿದ್ದಲಿಂಗಪ್ಪ ಕರೆಸಿಕೊಂಡ ಸಲಹೆಗಾರ.

ಮನೋಹರ ಬೆಂಗಳೂರಿನವನು. ಊರಂಚಿನ ಖರಾಡಿ ಬಡಾವಣೆಯಲ್ಲಿ ಗಾಜಿನ ಕಟ್ಟಡವೊಂದರ ಒಂಬತ್ತನೇ ಮಹಡಿಯಲ್ಲಿ ಅವನ ಕಚೇರಿ. ಮನುಷ್ಯರ ಮನಸ್ಸನ್ನೂ ಅರ್ಥಶಾಸ್ತ್ರವನ್ನೂ ಸೇರಿಸಿ ಓದಿದ್ದನಂತೆ. ಇಸ್ತ್ರಿ ಮಾಡಿದ ಅಂಗಿ, ತೊಳೆದ ಕೈ, ಕಾಲಲ್ಲಿ ಬಿಳಿ ಬೂಟು. ಮೆಣಸಿನಕಾಯಿ ಘಾಟಿಗೆ ಅವನ ಕಣ್ಣಲ್ಲಿ ಒಂದೇ ಸಮ ನೀರು ಹರಿಯುತ್ತಿತ್ತು. ಹಾಗಾಗಿ ಏನು ಹೇಳಿದರೂ ಮರುಗಿ ಹೇಳಿದಂತೆ ಕಾಣುತ್ತಿತ್ತು.

"ಹೆದರಿಸೋದು ತುಂಬಾ ಕಾಸ್ಟ್ಲಿ ಸರ್," ಎಂದ ಅಧ್ಯಕ್ಷನಿಗೆ. ನಾನು ಮೂಲೆಯಲ್ಲಿ ಸ್ಯಾಂಪಲ್ಲಿನ ಚೀಲ ಹಿಡಿದು ಕೂತಿದ್ದೆ. "ಹಳೇ ಎಕನಾಮಿಕ್ಸ್ ಏನು ಅಂದ್ಕೊಂಡಿತ್ತು ಅಂದ್ರೆ, ಮನುಷ್ಯ ಲಾಭ ನಷ್ಟ ಲೆಕ್ಕ ಹಾಕಿ ಡಿಸೈಡ್ ಮಾಡ್ತಾನೆ ಅಂತ. ಮಾಡಲ್ಲ ಸರ್. ಫಾರ್ಮಲ್ಲಿ ಮೊದಲೇ ಟಿಕ್ ಹಾಕಿಟ್ರೆ ಹಾಗೇ ಬಿಡ್ತಾನೆ. ಪಕ್ಕದೋನು ಏನು ಮಾಡ್ತಾನೋ ಅದನ್ನೇ ಮಾಡ್ತಾನೆ. ಸಿಕ್ಕಿದ್ದಕ್ಕೆ ಆಗೋ ಖುಷಿಗಿಂತ, ಕೈಯಲ್ಲಿದ್ದದ್ದು ಹೋದ್ರೆ ಡಬಲ್ ಸಂಕಟ ಪಡ್ತಾನೆ."

"ಅಂದ್ರ ಮನಷ್ಯಾ ಕತ್ತೆ ಅಂತೀಯೇನ?"

"ರಿಪೋರ್ಟಲ್ಲಿ ಹಾಗೆ ಬರೆಯಕ್ಕಾಗಲ್ಲ ಸರ್."

ಅಂದಿನಿಂದ ಉಗುಳುವವರಿಗೆ ರಜೆ ಸಿಕ್ಕಿತು. ಸಾಲು ಸ್ವಚ್ಛವಾಯಿತು. ನನಗೆ ನಿಜವಾದ ಹೇಸಿಗೆ ಶುರುವಾದದ್ದು ಆಗ.

ಪ್ರತಿ ತಿಂಗಳು ಒಂದು ಕಾಗದ ಬರತೊಡಗಿತು: ಅಧ್ಯಕ್ಷರ ಕಾರ್ಯವೈಖರಿಗೆ ನಿಮ್ಮ ಒಪ್ಪಿಗೆ ಇದೆ. ಟಿಕ್ ಮೊದಲೇ ಬಿದ್ದಿರುತ್ತಿತ್ತು. ಒಪ್ಪಿಗೆ ಇದ್ದವರು ಏನೂ ಮಾಡಬೇಕಾಗಿಲ್ಲ. ಇಲ್ಲದವರು ಮೂರನೇ ಮಹಡಿಗೆ ಹೋಗಿ, ಮಧ್ಯಾಹ್ನ ಎರಡರಿಂದ ಎರಡೂ ಇಪ್ಪತ್ತರ ಒಳಗೆ, ಎರಡು ಫೋಟೋ ಕೊಟ್ಟು, ಕಾರಣವನ್ನು ಗಟ್ಟಿಯಾಗಿ ಓದಿ ಹೇಳಬೇಕು. ನಮ್ಮ ಕಟ್ಟಡಕ್ಕೆ ಇರುವುದು ಎರಡೇ ಮಹಡಿ.

"ಕಾಕಾ," ಶೈಲಾ ಎಂದಳು, "ಮೂರನೇ ಮಾಳಿಗಿ ಐತಿ ಅಲ್ಲಿ. ನಾ ನೋಡೇನಿ."

"ಆಮ್ಯಾಲ ಕಟ್ಟಿದ್ರು," ಎಂದೆ.

ನೆಲದ ಮೇಲೆ ಹಳದಿ ಬಣ್ಣದಲ್ಲಿ ಹೆಜ್ಜೆ ಗುರುತು ಬಿಡಿಸಿದರು, 'ಒಪ್ಪಿಗೆ' ಎಂಬ ಬಾಗಿಲಿನ ತನಕ. ಜನ ತಮಗೇ ಗೊತ್ತಿಲ್ಲದೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಹೋಗುತ್ತಿದ್ದರು. ಗೇಟಿನ ಬಳಿ ಮಲಗುತ್ತಿದ್ದ ಕಂದು ನಾಯಿಯೂ ಹೋಯಿತು. ಆ ತಿಂಗಳು ನಲವತ್ಮೂರು ಸದಸ್ಯರಲ್ಲಿ ನಲವತ್ನಾಲ್ಕು ಒಪ್ಪಿಗೆ ಬಂದವು. ಗೋಡೆಗೆ ಒಂದು ಫಲಕ ಹಾಕಿದರು: 'ನಿಮ್ಮ ಅಕ್ಕಪಕ್ಕದ ನೂರಕ್ಕೆ ತೊಂಬತ್ತೆಂಟು ಜನ ಸಂತೋಷವಾಗಿದ್ದಾರೆ. ನೀವು?' ಪ್ರತಿ ಅಂಗಡಿಯ ಬಾಗಿಲಿಗೆ ಒಂದು ನಗುವ ಮುಖದ ಚೀಟಿ. ಒಬ್ಬ ಏನಾದರೂ ಗೊಣಗಿದರೆ ಮರುದಿನ ಅವನ ಬಾಗಿಲಿನ ಮುಖ ಅಳುತ್ತಿತ್ತು, ಅಷ್ಟೇ. ಯಾರೂ ಉಗುಳುತ್ತಿರಲಿಲ್ಲ. ಪಕ್ಕದವರೇ ಬಂದು, ಏನ್ರೀ, ಏನಾತು, ಆರಾಮಿಲ್ಲೇನು, ಎಂದು ಕೇಳಿ ಕೇಳಿ ಅವನನ್ನು ಸಾಯಿಸುತ್ತಿದ್ದರು. ಆ ತೊಂಬತ್ತೆಂಟು ಜನ ಯಾರೆಂದು ಪ್ರತಿಯೊಬ್ಬನೂ ಯೋಚಿಸುತ್ತಿದ್ದ; ತಾನು ಉಳಿದ ಇಬ್ಬರಲ್ಲಿ ಒಬ್ಬನೆಂದು ಒಳಗೊಳಗೇ ಬೆವರುತ್ತಿದ್ದ.

ಇಷ್ಟರ ನಡುವೆ ಶಿವಬಸವ್ವ ಒಂದು ಸಭೆಯಲ್ಲಿ ಎದ್ದು ನಿಂತು ಕೇಳಿದಳು: "ಇಲೆಕ್ಷನ್ ಯಾವಾಗ್ರಿ?"

ಇಷ್ಟೇ. ಎರಡು ಪದ. ಗಂಡ ತೀರಿಕೊಂಡ ಮೇಲೆ ಹದಿನಾರು ವರ್ಷದಿಂದ ಹದಿನಾಲ್ಕನೇ ನಂಬರು ನಡೆಸುತ್ತಿರುವ ಹೆಂಗಸು. ಕೈಯಲ್ಲಿ ಒಂದು ಕಾಯಿ ಹಿಡಿದು ಮುರಿದರೆ ಅದು ಯಾವ ಊರಿನ ನೆಲದ್ದು, ಎಷ್ಟು ದಿನ ಒಣಗಿದೆ ಎಂದು ಹೇಳುವವಳು. ಸಿದ್ದಲಿಂಗಪ್ಪ ನಕ್ಕ. ಮುಂದಿನ ತಿಂಗಳ ಸಭೆಯ ಪಟ್ಟಿಯಲ್ಲಿ ಒಂದು ಠರಾವು ಬಂತು: ಸದಸ್ಯರ ಮನದ ಮಾತು ಕೇಳಲು 'ಅಭಿಪ್ರಾಯ ಕೇಂದ್ರ' ತೆರೆಯತಕ್ಕದ್ದು, ಅದಕ್ಕೆ ಹದಿನಾಲ್ಕನೇ ನಂಬರಿನ ಅಂಗಡಿಯನ್ನು ವಹಿಸಿಕೊಳ್ಳತಕ್ಕದ್ದು.

ಮಂಡಳಿ ಕಟ್ಟಿದ ಹಿರಿಯರು ಒಂದು ನಿಯಮ ಬರೆದಿಟ್ಟಿದ್ದರು. ಇಬ್ಬರು ಸದಸ್ಯರು ಎದ್ದು ಬೇಡ ಎಂದರೆ ಸಾಕು, ಠರಾವು ಗುಪ್ತ ಚೀಟಿಗೆ ಹೋಗಬೇಕು. ಅದನ್ನು ತೆಗೆಯುವ ಧೈರ್ಯ ಸಿದ್ದಲಿಂಗಪ್ಪನಿಗೂ ಇರಲಿಲ್ಲ; ಅದರ ಬಾಲಕ್ಕೆ ಇನ್ನೊಂದು ಸಾಲು ಕಟ್ಟಿದ್ದ, ಅಷ್ಟೇ: ಎದ್ದವರು ಒಬ್ಬರೇ ಆದರೆ ಅದು ವಿರೋಧವಲ್ಲ, ಅಶಿಸ್ತು; ಸದಸ್ಯತ್ವ ರದ್ದು.

ಶಿವಬಸವ್ವ ನನ್ನ ಹತ್ತಿರ ಬಂದಳು.

"ಕಾಶಪ್ಪಣ್ಣ, ಚೀಟಿಗೆ ಹೋದ್ರ ನಾ ಉಳೀತೇನಿ. ನನ್ನ ಜೋಡಿ ಇನ್ನೊಂದು ಕೈ ಬೇಕು. ಒಂದ ಕೈ. ಯಾರರ ಅದಾರೇನು?"

"ಕೇಳಿ ನೋಡ್ತೇನಿ," ಎಂದೆ.

"ಹೆಂಗ ಕೇಳ್ತಿ? ಬಾಯಿ ಬಿಟ್ಟರ ಬಾಗಲದ ಮುಖ ಅಳತೈತಿ."

"ಬಾಯಿ ಯಾಕ ಬಿಡ್ಲಿ?" ಎಂದು ಹೆಗಲ ಮೇಲಿನ ಟವೆಲ್ ತೋರಿಸಿದೆ.

ನಮ್ಮ ಧಂದೆಯಲ್ಲಿ ಹಳಬರು ಇವತ್ತಿಗೂ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಇಬ್ಬರೂ ಎದುರಾಎದುರು ನಿಂತು, ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ದರ ಹೇಳುತ್ತಾರೆ. ಇಡೀ ಕೈ ಒತ್ತಿದರೆ ಒಪ್ಪಿದೆ ಎಂದು. ಅಂಗೈ ಮೇಲೆ ಉಗುರು ಗೀರಿದರೆ ಆಗುವುದಿಲ್ಲ ಎಂದು. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ತಿಳಿಯುವುದಿಲ್ಲ. ಟವೆಲ್ಲಿನ ಕೆಳಗಿನ ಮಾತು ಹೊರಗೆ ಆಡುವಂತಿಲ್ಲ. ಆಡಿದ ದಲ್ಲಾಳಿಯ ಟವೆಲ್ಲಿನೊಳಗೆ ಮತ್ತೆ ಯಾರೂ ಕೈ ಹಾಕುವುದಿಲ್ಲ. ಮನೋಹರ ಇದನ್ನು ನೋಡಿ, ವಾವ್, ಸೋ ಕ್ಯೂಟ್, ಎಂದು ಫೋಟೋ ಹೊಡೆದುಕೊಂಡಿದ್ದ. ಅವನ ಶಾಸ್ತ್ರ ಕೈ ಹಾಕದೆ ಬಿಟ್ಟ ಜಾಗ ಇಡೀ ಸಾಲಿನಲ್ಲಿ ಇದೊಂದೇ.

ಐದು ದಿನ ನಾನು ಟವೆಲ್ ಹಿಡಿದು ಅಂಗಡಿ ಅಂಗಡಿ ತಿರುಗಿದೆ. ಬಾಯಲ್ಲಿ, ಹೊಸ ಮಾಲು ಬಂದೈತ್ರಿ, ಎನ್ನುವುದು. ಕಿವಿಯ ಹತ್ತಿರ ಬಾಗಿ, "ಹದಿನಾಕು?" ಎಂದು, ಅಂದರೆ ಆ ಠರಾವು ಒಪ್ಪಿಗೆಯೇ ಎಂದು, ಪಿಸುಗುಟ್ಟುವುದು. ಆಮೇಲೆ ಅವರ ಬೆರಳಿಗಾಗಿ ಕಾಯುವುದು. ಅಧ್ಯಕ್ಷ, ಶಿವಬಸವ್ವ, ನಾನು ಮೂವರನ್ನು ಬಿಟ್ಟರೆ ನಲವತ್ತು ಜನ. ಒಬ್ಬ ಅಧ್ಯಕ್ಷನ ಭಾವಮೈದುನ, ಕೇಳಲಿಲ್ಲ. ಒಬ್ಬ ಊರಲ್ಲಿರಲಿಲ್ಲ. ಇನ್ನೊಬ್ಬ, ಶ್ರೀಕಂಠಯ್ಯ, ನಿಜವಾಗಿಯೂ ವ್ಯಾಪಾರವೆಂದೇ ತಿಳಿದು ಹದಿನಾಲ್ಕು ಚೀಲ ಖರೀದಿ ಮಾಡಿಬಿಟ್ಟ. ಇಲ್ಲದ ಆ ಹದಿನಾಲ್ಕು ಚೀಲವನ್ನು ಹುಡುಕಿ ತಂದುಕೊಡುವಷ್ಟರಲ್ಲಿ ನನ್ನ ಜೀವ ಹೋಯಿತು.

ಉಳಿದ ಮೂವತ್ತೇಳೂ ಜನ ಉಗುರು ಗೀರಿದರು.

ಗೀರಿದರು ಎಂದರೆ ಹೇಗೆ! ಹನ್ನೊಂದು ವರ್ಷ ಬೆಳೆಸಿಕೊಂಡ ಉಗುರು. ಅಂಗೈ ತುಂಬ ರಕ್ತ. ಸಭೆಯಲ್ಲಿ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆಯುವ ಅವ್ವಣ್ಣ ನನ್ನ ಕಿರುಬೆರಳನ್ನು ಎಷ್ಟು ಸಿಟ್ಟಿನಿಂದ ತಿರುವಿದನೆಂದರೆ ಅದು ಈಗಲೂ ಬಿಜಾಪುರದ ದಿಕ್ಕಿಗೆ ನೋಡುತ್ತದೆ. ಮುಖದ ಮೇಲೆ ಮಾತ್ರ ಅದೇ ನಗು. ಬಾಯಲ್ಲಿ, "ನಮ್ಮ ಅಧ್ಯಕ್ಷರ ಆಶೀರ್ವಾದ ಐತಿ, ಎಲ್ಲಾ ಚಲೋ ನಡದೈತ್ರಿ."

ನಾನು ಹೋಗಿ ಶಿವಬಸವ್ವನಿಗೆ ಹೇಳಿದೆ. ಟವೆಲ್ಲಿನ ಮಾತು ಹೊರಗೆ ಆಡಿದ್ದು ಅದೊಂದೇ ಸಲ. "ಒಂದ ಕೈ ಕೇಳಿದ್ದಿ. ಮೂವತ್ತೇಳು ಅದಾವು. ನನ್ನದು ಬ್ಯಾರೆ."

ಅವಳು ತುಸು ಹೊತ್ತು ನನ್ನ ಅಂಗೈಯ ಗೀರುಗಳನ್ನೇ ನೋಡಿದಳು. "ಹಂಗಾದ್ರ ಎತ್ತತೇನಿ," ಎಂದಳು.

"ಅಜೂನ್ ದೋನ್?" ಇನ್ನೆರಡು ಬೇಕೇ ಎಂದು ಚಹಾದವನು ಬಂದು ಮರಾಠಿಯಲ್ಲಿ ಕೇಳಿದ.

"ನಕೋ," ಎಂದಳು ಶೈಲಾ. "ದೋನ್," ಎಂದೆ ನಾನು. ಎರಡು ಬಂದವು. ನಾಲ್ಕೂ ಮೂವತ್ತೈದು.

"ಕಾಕಾ, ಇದೆಲ್ಲಾ ಅವ್ವ ಹೇಳ್ಯಾಳ. ನನಗ ಗೊತ್ತಿಲ್ಲದ್ದು ಒಂದ ಐತಿ. ನೀವು ಪೇಢಾ ತಿಂದ್ರೋ, ಇಲ್ಲೋ?"

"ಅಲ್ಲಿಗೇ ಬರಾಕತ್ತೇನಿ."

ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ಮನೋಹರ ಬಾಗಿಲಲ್ಲೇ ನಿಂತಿದ್ದ, ಕೈಯಲ್ಲಿ ತಟ್ಟೆ. ಒಳಗೆ ಹೋಗುವ ಪ್ರತಿಯೊಬ್ಬನ ಬಲ ಅಂಗೈಯಲ್ಲಿ ತಾನೇ ಒಂದೊಂದು ಪೇಢಾ ಇಟ್ಟು, ಬೆರಳು ಮಡಚಿಸಿದ. ನಿಂಬೆಹಣ್ಣಿನಷ್ಟು ದೊಡ್ಡದು, ತುಪ್ಪ ಬಿಡುತ್ತಿತ್ತು. ಎಲ್ಲರೂ ಕೂತ ಮೇಲೆ ಮೈಕಿನಲ್ಲಿ ಹೇಳಿದ, ಕಣ್ಣಲ್ಲಿ ನೀರು ಸುರಿಸುತ್ತಾ:

"ಇದು ಆಗಲೇ ನಿಮ್ದು. ನಿಮ್ಮ ಕೈಯಲ್ಲೇ ಇದೆ. ಠರಾವಿಗೆ ಒಪ್ಪಿಗೆ ಇರೋರು ಏನೂ ಮಾಡ್ಬೇಕಾಗಿಲ್ಲ, ಆರಾಮಾಗಿ ತಿನ್ನಿ. ಒಪ್ಪಿಗೆ ಇಲ್ದೋರು ಮುಂದೆ ಬಂದು, ಪೇಢಾ ಅಧ್ಯಕ್ಷರ ಮುಂದಿರೋ ತಟ್ಟೇಲಿ ವಾಪಸ್ ಇಟ್ಟು, ಕೈ ಎತ್ಬೇಕು. ಫುಲ್ ಫ್ರೀಡಮ್ ಇದೆ. ಒಂದು ನಿಮಿಷ ಟೈಮ್."

ಶಿವಬಸವ್ವ ಎದ್ದಳು. ನಡೆದು ಹೋಗಿ ಪೇಢಾವನ್ನು ತಟ್ಟೆಯಲ್ಲಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಬಲಗೈ ಎತ್ತಿದಳು.

ಸಿದ್ದಲಿಂಗಪ್ಪ ಗಡಿಯಾರ ನೋಡುತ್ತಾ ಕೂತ. ಆಮೇಲೆ ಒಂದು ಸದ್ದು ಶುರುವಾಯಿತು. ಮೊದಲು ಭಾವಮೈದುನನ ಬಾಯಿಂದ. ಪಚಕ್, ಪಚಕ್. ಅವನ ಪಕ್ಕದವನು ಅವನನ್ನು ನೋಡಿ ಬಾಯಿಗೆ ಹಾಕಿಕೊಂಡ. ಅವನನ್ನು ನೋಡಿ ಅವನ ಪಕ್ಕದವನು. ಕಂದು ನಾಯಿಗೂ ಒಂದು ಕೊಟ್ಟಿದ್ದರು, ಅದೂ ತಿಂದಿತು. ನಲವತ್ತು ಬಾಯಿಗಳು ಒಟ್ಟಿಗೆ ಪೇಢಾ ಅಗಿಯುವ ಸದ್ದನ್ನು ನೀವು ಕೇಳಿಲ್ಲ. ಕೇಳಬೇಡಿ. ನನ್ನ ಅಂಗೈ ಗೀರಿ ರಕ್ತ ಬರಿಸಿದ್ದ ಅವ್ವಣ್ಣ ತುಟಿ ನೆಕ್ಕಿಕೊಳ್ಳುತ್ತಿದ್ದ. ಒಬ್ಬೊಬ್ಬನ ಗದ್ದದ ಮೇಲೂ ತುಪ್ಪ. ಒಬ್ಬನ ಕಣ್ಣಲ್ಲಿ ನಿಜವಾದ ನೀರಿತ್ತು, ಅವನೂ ಅಗಿಯುತ್ತಿದ್ದ.

ಆಗ ನನಗೆ ಹೊಳೆಯಿತು. ಮೂವತ್ತು ವರ್ಷದ ದಲ್ಲಾಳಿ ನಾನು, ಧಂದೆಗೆ ಬಂದ ಮೊದಲ ದಿನದವನು ಮಾಡುವ ತಪ್ಪು ಮಾಡಿದ್ದೆ. ಟವೆಲ್ಲಿನ ಕೆಳಗೆ ಮೊದಲು ಒತ್ತಿದ ಬೆರಳು ಎಂದೂ ಕೊನೆಯ ದರವಲ್ಲ. ಮೊದಲ ಬೆರಳನ್ನು ಯಾವಾಗಲೂ ಏರಿಸಿಯೇ ಹೇಳುತ್ತಾರೆ, ಆಮೇಲೆ ಇಳಿಯುತ್ತಾರೆ. ಅದು ಎಲ್ಲರಿಗೂ ಗೊತ್ತಿರುತ್ತದೆ. ಉಗುರು ಗೀರಿದಾಗ, ಆಗುವುದಿಲ್ಲ ಎಂದು ಹೇಳಿ ಎದುರಿನವನು ಇನ್ನೇನು ಕೊಡುತ್ತಾನೆ ಎಂದು ಕಾಯುವುದು ನಮ್ಮ ಕೈಗಳಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಮೂವತ್ತೇಳು ಜನ ನನ್ನ ಕೈಯಲ್ಲಿ ಹೇಳಿದ್ದು ಅವರ ಮನಸ್ಸಲ್ಲ, ಅವರ ಮೊದಲ ದರ. ನಾನು ಅದನ್ನೇ ಕೊನೆಯದೆಂದು ತಿಳಿದು ಒಬ್ಬ ಹೆಂಗಸಿಗೆ ಮಾರಿಬಿಟ್ಟಿದ್ದೆ. ಕೊನೆಯ ದರ ಮನೋಹರನಿಗೆ ಗೊತ್ತಿತ್ತು. ಒಂದು ಪೇಢಾ. ತಲೆಗೊಂದು.

"ಅವ್ವ ಯಾರನ್ನ ನೋಡಾಕತ್ತಿದ್ಲು?" ಶೈಲಾ ಕೇಳಿದಳು.

"ಭಾಳ ಮಂದಿ ಇದ್ರಲ್ಲ."

"ಕಾಕಾ."

"ನನ್ನ ನೋಡಾಕತ್ತಿದ್ಲು," ಎಂದೆ.

ಅಧ್ಯಕ್ಷನನ್ನಲ್ಲ, ಅವ್ವಣ್ಣನನ್ನಲ್ಲ, ನನ್ನನ್ನೇ. ಕೈ ಎತ್ತಿದ್ದು ಎತ್ತಿದಂತೆಯೇ ಇತ್ತು. ಬೇಡಿಕೊಳ್ಳುವ ನೋಟವಲ್ಲ. ಕೈಯಲ್ಲಿ ಕಾಯಿ ಹಿಡಿದು, ಮುರಿಯುವ ಮೊದಲು ನೋಡುತ್ತಾಳಲ್ಲ, ಹಾಗೆ. ಮೂವತ್ತೆಂಟು ಜನರ ಕೈಯನ್ನು ಟವೆಲ್ಲಿನ ಕೆಳಗೆ ಹಿಡಿದಿದ್ದೆ. ನನ್ನ ಕೈಯನ್ನು ಮಾತ್ರ ನಾನೇ ಹಿಡಿದು ಕೇಳಿರಲಿಲ್ಲ.

ನಿಮಿಷ ಮುಗಿಯಿತು. ಮರುದಿನ ಹದಿನಾಲ್ಕನೇ ನಂಬರಿಗೆ ಬೀಗ. ಈಗ ಅಲ್ಲಿ ಗಾಜಿನ ಮೇಜು, ಮೇಜಿನ ಮೇಲೆ ಎರಡು ಗುಂಡಿ: ನಗುವ ಮುಖದ್ದು, ಅಳುವ ಮುಖದ್ದು. ಅಳುವ ಗುಂಡಿಗೆ ತಂತಿ ಜೋಡಿಸಿಲ್ಲ. ಗೋಡೆಗಳಿಂದ ಹದಿನಾರು ವರ್ಷದ ಘಾಟು ಮಾತ್ರ ಹೋಗಿಲ್ಲ; ಅಭಿಪ್ರಾಯ ಹೇಳಲು ಒಳಗೆ ಹೋದವರೆಲ್ಲ ಅಳುತ್ತಾ ಬಂದು ನಗುವ ಗುಂಡಿ ಒತ್ತಿ ಹೋಗುತ್ತಾರೆ. ಇದು ಮಾತ್ರ ಅಕ್ಷರಶಃ ಸತ್ಯ. ಉಳಿದದ್ದೂ ಸತ್ಯವೇ.

ನಾಲ್ಕೂ ನಲವತ್ತೆಂಟು. ಶೈಲಾ ಫೈಲಿನಿಂದ ಕಾಗದ ತೆಗೆದು ಮೇಜಿನ ಮೇಲೆ, ಚಹಾದ ಕಲೆ ತಪ್ಪಿಸಿ ಇಟ್ಟಳು. ಪೆನ್ನಿನ ಮುಚ್ಚಳ ತೆಗೆದು ಅದರ ಪಕ್ಕದಲ್ಲಿಟ್ಟಳು.

"ಇಷ್ಟ ಬರದೈತಿ, ಕಾಕಾ. ನಿಮಗ ಠರಾವು ಒಪ್ಪಿಗಿ ಇರಲಿಲ್ಲ, ಅಂಜಿಕಿಗೆ ಕೈ ಎತ್ತಲಿಲ್ಲ. ಇದು ಖರೇ ಹೌದಲ್ಲ?"

"ಖರೇ."

"ವಕೀಲ್ರು ಹೇಳ್ಯಾರ, ಒಬ್ಬರು ಹಿಂಗಂತ ಆಣಿ ಮಾಡಿದ್ರ ಸಾಕು, ನಾಳೆ ಆ ಸಭಾನ ರದ್ದ ಮಾಡಿಸಿ ಚೀಟಿ ಹಾಕಸ್ತೇವಂತ. ಅವತ್ತು ಬೇಕಾಗಿದ್ದೂ ಒಂದ ಕೈ. ಇವತ್ತೂ ಒಂದ."

ನನ್ನ ಅಂಗಿಯ ಜೇಬಿನಲ್ಲಿ ಇನ್ನೊಂದು ಕಾಗದವಿತ್ತು. ಆ ವಾರವೇ ಮಂಡಳಿಯಿಂದ ಬಂದದ್ದು. ಶೈಲಾಳಿಗೆ ಅದರ ವಿಷಯ ಹೇಳಿರಲಿಲ್ಲ. 'ತಮ್ಮ ದಲ್ಲಾಳಿ ಪರವಾನಗಿ ಮುಂದಿನ ಐದು ವರ್ಷಕ್ಕೆ ತಾನಾಗಿಯೇ ನವೀಕರಣಗೊಳ್ಳುತ್ತದೆ. ತಾವು ಏನೂ ಮಾಡಬೇಕಾಗಿಲ್ಲ.' ಕೆಳಗೆ ನಗುವ ಮುಖ.

ಪೆನ್ನು ಕೈಗೆತ್ತಿಕೊಂಡೆ. ಜಾರಿತು. ಅಂಗೈಯಲ್ಲಿ ತುಪ್ಪದ ಜಿಡ್ಡು. ಮೂರು ತಿಂಗಳಿಂದ ಸೋಪು, ಸೀಗೆಕಾಯಿ, ಸೀಮೆಎಣ್ಣೆ ಎಲ್ಲ ಹಾಕಿ ತೊಳೆದಿದ್ದೇನೆ, ಹೋಗುವುದಿಲ್ಲ. ಪೆನ್ನನ್ನು ಕಾಗದದ ಮೇಲೆ ನೆಟ್ಟಗೆ ಇಟ್ಟು, ಚಹಾದ ಕಪ್ಪು ಎತ್ತಿಕೊಂಡೆ.

"ಅವ್ವ ನನ್ನ ಮ್ಯಾಲೆ ಸಿಟ್ಟಾಗ್ಯಾಳೇನು?" ಎಂದು ಕೇಳಿದೆ.

"ಇಲ್ರಿ. ಸಿಟ್ಟಿಲ್ಲ, ಹೇಸಿಗಿ ಅದ ಅಂದ್ಲು."

"ಅಷ್ಟಾದ್ರೂ ಐತಲ್ಲ," ಎಂದೆ. ಯಾಕೆ ಹಾಗೆಂದೆನೋ ಗೊತ್ತಿಲ್ಲ.

ಎದುರಿನ ಫುಟ್‌ಪಾತಿನಲ್ಲಿ ನೋಟರಿ ತನ್ನ ಮೇಜಿನ ಮೇಲಿನ ಮುದ್ರೆಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕುತ್ತಿದ್ದ.

"ಕಡೀ ಸಲ ಕೇಳ್ತೇನಿ," ಶೈಲಾ ಎಂದಳು. "ಪೇಢಾ ತಿಂದ್ರೋ, ಇಲ್ಲೋ?"

"ಹೇಳ್ತೇನಿ, ಹೇಳ್ತೇನಿ. ಸಹಿ ಏನು, ಎರಡ ನಿಮಿಷದ ಕೆಲಸ. ಆದ್ರ ಮೊದಲ ಇದನ್ನ ಕೇಳು, ಇದನ್ನ ಯಾರಿಗೂ ಹೇಳಿಲ್ಲ. ಆವತ್ತು ನಿಮ್ಮವ್ವ ನನ್ನ ನೋಡಿದ್ಲಲ್ಲ, ಆವಾಗ ನಾ ಏಳಾವನ ಇದ್ದೆ."

ಅವಳು ಕಾಗದವನ್ನು ಫೈಲಿಗೆ ಸೇರಿಸಿದಳು. ಪೆನ್ನಿಗೆ ಮುಚ್ಚಳ ಹಾಕಿದಳು.

"ಆಣಿ ಮಾಡಿ ಹೇಳ್ತೇನಿ, ಶೈಲಾ. ಮೊಣಕಾಲು ಅರ್ಧ ಎದ್ದಿತ್ತು. ಕುರ್ಚಿ ಕಿರ್ ಅಂದಿದ್ದು ಇಡೀ ಸಭಾಕ್ಕ ಕೇಳಿಸೇತಿ. ಬೇಕಾದ್ರ ಶ್ರೀಕಂಠಯ್ಯನ ಕೇಳು. ಕೈನೂ ಎದ್ದಿತ್ತು, ಎದೀ ಮಟಾ ಬಂದಿತ್ತು, ಪೇಢಾ ಸಮೇತ. ಇನ್ನ ಒಂದ ಗೇಣು ಮ್ಯಾಲ ಹೋಗಿದ್ರ ಆತು. ಆದ್ರ ಕೈ ಹೋಗೂ ದಾರಿಯಾಗ ಬಾಯಿ ಇರತದಲ್ಲ, ಅದು ದೇವರು ಮಾಡಿದ ತಪ್ಪು, ನಂದಲ್ಲ, ಬಾಯಿ ಹತ್ರ ಬರೂದಕ್ಕ..."

ಅವಳು ಎದ್ದು ಚಹಾದವನ ಮುಂದೆ ಎರಡು ನೋಟು ಇಟ್ಟಳು. ನನ್ನ ಎರಡನೇ ಚಹಾದ್ದೂ ಸೇರಿಸಿ. ಅವಳು ರಸ್ತೆಗೆ ಇಳಿದಳು; ನಾನು ದನಿ ಏರಿಸಿದೆ. ರಸ್ತೆಯಲ್ಲಿ ಬಸ್ಸುಗಳ ಗದ್ದಲ.

"ಕುಂದ್ರು, ಇನ್ನೂ ಆರು ನಿಮಿಷ ಅದ! ಬಾಯಿ ಹತ್ರ ಬರೂದಕ್ಕ, ಹಿಂದಿನ ಸಾಲಿನಾಗ ಆ ಕಂದು ನಾಯಿ ಬೊಗಳ್ತು ನೋಡು, ನಾ ಬೆಚ್ಚಿ ಬಾಯಿ ತಗದೆ, ಬರೇ ಬಾಯಿ ತಗದೆ, ಆ ಪೇಢಾ ತಾನ ಆಗೇ ಒಳಗ..."